ದೆವ್ವ ಇತ್ತೋ ಇಲ್ಲೋ ಬಿಡ್ರಿ, ಆ ಹುಡುಗ ಸತ್ತದ್ದು ಹೆಂಗ?

ನಮ್ಮ ಕಲಬುರಗಿ ಕಡೆ ದೆವ್ವದ ಸಿನಿಮಾ ಮುಗಿದ ಕೂಡಲೇ ಬರುವ ಪ್ರಶ್ನೆ ಒಂದೇ. ‘ಖರೇನ ದೆವ್ವ ಇತ್ತೋ, ಆಕಿಗೇ ತಲಿ ಕೆಟ್ಟಿತ್ತೋ?’ 1961ರ ‘ದಿ ಇನೊಸೆಂಟ್ಸ್’ ನೋಡಿದವರೂ ಇದನ್ನೇ ಕೇಳುತ್ತಾರೆ. ಆ ಮೇಲೆ ಎರಡು ಪಾರ್ಟಿ ಆಗುತ್ತವೆ, ವಾದ ರಾತ್ರಿಯಿಡೀ ನಡೆಯುತ್ತದೆ, ಯಾರೂ ಸೋಲುವುದಿಲ್ಲ. ಸೋಲದಂತೆಯೇ ಆ ಸಿನಿಮಾ ಕಟ್ಟಿದ್ದಾರೆ. ಆದರೆ ಈ ಪ್ರಶ್ನೆ ಹಿಡಿದುಕೊಂಡು ಕೂತಷ್ಟು ಹೊತ್ತು ಕೊನೆಯ ಐದು ನಿಮಿಷ ಕೈಗೆ ಸಿಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಕಥೆ ಪೂರ್ತಿ ಬಿಚ್ಚಿಡುತ್ತೇನೆ, ನೋಡದವರು ನೋಡಿ ಬಂದು ಓದಿ.

ಕಥೆ ಸಣ್ಣದು. ಹಳ್ಳಿಯ ಪಾದ್ರಿಯ ಮಗಳು ಮಿಸ್ ಗಿಡೆನ್ಸ್ (ಡೆಬೊರಾ ಕೆರ್) ಮೊದಲ ಸಲ ಕೆಲಸಕ್ಕೆ ಸೇರುತ್ತಾಳೆ. ಅಪ್ಪ ಅವ್ವ ಇಲ್ಲದ ಇಬ್ಬರು ಮಕ್ಕಳು, ಮೈಲ್ಸ್ ಮತ್ತು ಫ್ಲೋರಾ. ಅವರ ಕಾಕಾ ಲಂಡನ್ನಿನ ಶ್ರೀಮಂತ. ಮಕ್ಕಳ ಯಾವ ತಾಪತ್ರಯವೂ ತನ್ನ ತನಕ ಬರಬಾರದು ಎಂಬುದು ಅವನ ಕರಾರು. ಆ ದೊಡ್ಡ ಬಂಗಲೆಯಲ್ಲಿ ಹಿಂದೆ ಇದ್ದ ಕ್ವಿಂಟ್ ಎಂಬ ಆಳು, ಮಿಸ್ ಜೆಸೆಲ್ ಎಂಬ ಶಿಕ್ಷಕಿ ಇಬ್ಬರೂ ಸತ್ತಿದ್ದಾರೆ. ಅವರಿಬ್ಬರೂ ಈಕೆಗೆ ಕಾಣತೊಡಗುತ್ತಾರೆ. ಸತ್ತವರು ಮಕ್ಕಳನ್ನು ಹಿಡಿದಿದ್ದಾರೆ, ಮಕ್ಕಳ ಬಾಯಿಂದಲೇ ಅದನ್ನು ಒಪ್ಪಿಸಿದರೆ ಬಿಡುಗಡೆ ಆಗುತ್ತದೆ ಎಂದು ಆಕೆ ನಂಬುತ್ತಾಳೆ. ಕೊನೆಗೆ ಮೈಲ್ಸ್ ಬಾಯಲ್ಲಿ ಕ್ವಿಂಟ್‌ನ ಹೆಸರು ಹೇಳಿಸುತ್ತಾಳೆ. ಹುಡುಗ ಅಲ್ಲೇ ಬಿದ್ದು ಸಾಯುತ್ತಾನೆ.

ಮೂಲ ಹೆನ್ರಿ ಜೇಮ್ಸ್ 1898ರಲ್ಲಿ ಬರೆದ ‘ದಿ ಟರ್ನ್ ಆಫ್ ದ ಸ್ಕ್ರೂ’. ದೆವ್ವಗಳು ಆಕೆಯ ಮನಸ್ಸಿನ ಸೃಷ್ಟಿ ಎಂದು ವಿಮರ್ಶಕ ಎಡ್ಮಂಡ್ ವಿಲ್ಸನ್ 1934ರಲ್ಲೇ ಲೇಖನ ಬರೆದು ಜಗಳ ಹಚ್ಚಿದ್ದರು. ಸಿನಿಮಾ ತಯಾರಾದಾಗಲೂ ಅದೇ ಎಳೆದಾಟ. ಇದೇ ಕಥೆ ಹಿಡಿದು ವಿಲಿಯಂ ಆರ್ಚಿಬಾಲ್ಡ್ 1950ರಲ್ಲಿ ಬರೆದ, ಸಿನಿಮಾಕ್ಕೆ ಆಧಾರವಾದ ನಾಟಕದಲ್ಲಿ ದೆವ್ವ ಅಂದರೆ ದೆವ್ವವೇ. ನಿರ್ದೇಶಕ ಜಾಕ್ ಕ್ಲೇಟನ್‌ಗೆ ಅದು ಸಾಲಲಿಲ್ಲ. ಕಾದಂಬರಿಕಾರ ಟ್ರೂಮನ್ ಕಪೋಟಿಯನ್ನು ಕರೆಸಿ ಚಿತ್ರಕಥೆಯನ್ನು ಮತ್ತೆ ಬರೆಸಿದರು. ಹಾಗಾಗಿ ಎರಡೂ ಪಾರ್ಟಿಗೆ ಸಾಕ್ಷಿ ಸಿಗುವುದು ಆಕಸ್ಮಿಕ ಅಲ್ಲ, ಲೆಕ್ಕ ಹಾಕಿ ಇಟ್ಟದ್ದು.

ಎರಡನೇ ಸಲ ನೋಡುವಾಗ ಒಂದು ಹಾಳೆ ಇಟ್ಟುಕೊಳ್ಳಿ. ದೆವ್ವ ಕಂಡ ಪ್ರತಿ ಸಲ ಮೂರು ಸಂಗತಿ ಬರೆಯಿರಿ: ಅಲ್ಲಿ ಇನ್ಯಾರಿದ್ದರು ಮತ್ತು ಅವರಿಗೆ ಕಂಡಿತೇ, ಕ್ಯಾಮೆರಾ ಮೊದಲು ತೋರಿಸಿದ್ದು ಗಿಡೆನ್ಸ್ ಮುಖವನ್ನೋ ದೆವ್ವವನ್ನೋ, ದೆವ್ವ ಹೋದ ಮೇಲೆ ಅಲ್ಲಿ ಏನಾದರೂ ಉಳಿಯಿತೇ. ಮೂರನ್ನೂ ತುಂಬಿಸಿದರೆ ಸಾಕು, ಅರ್ಧ ವಾದ ತಾನಾಗಿ ಇತ್ಯರ್ಥ ಆಗುತ್ತದೆ.

ಮೊದಲ ಸಲ ಕಾಣುವುದು ಗೋಪುರದ ಮೇಲೆ. ಆಕೆ ತೋಟದಲ್ಲಿ ಬಿಳಿ ಗುಲಾಬಿ ಕತ್ತರಿಸುತ್ತಿದ್ದಾಳೆ, ಹಕ್ಕಿಗಳ ಸದ್ದು ತುಂಬಿದೆ. ಏಕಾಏಕಿ ಆ ಸದ್ದು ನಿಲ್ಲುತ್ತದೆ. ಕತ್ತರಿ ಕೈಜಾರಿ ನೀರಿಗೆ ಬೀಳುತ್ತದೆ. ಆಕೆ ತಲೆ ಎತ್ತಿದಾಗ ಮೇಲೆ ಯಾರೋ ನಿಂತಿದ್ದಾನೆ, ಆದರೆ ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ. ಬೀದರಿನ ಚೌಬಾರಾ ನೆನೆಸಿಕೊಳ್ಳಿ. ಸುಮಾರು 70 ಅಡಿ ಎತ್ತರ. ಅದರ ತುದಿಯಲ್ಲಿ ಸೂರ್ಯನಿಗೆ ಬೆನ್ನು ಕೊಟ್ಟು ಒಬ್ಬ ನಿಂತರೆ ಕೆಳಗಿನ ಓಣಿಯಿಂದ ನೋಡುವವರಿಗೆ ಕರಿ ಆಕಾರ ಕಾಣುತ್ತದೆ, ಮೂಗು ಕಣ್ಣು ಕಾಣುವುದಿಲ್ಲ. ಆಕೆ ಓಡಿ ಮೇಲೆ ಹತ್ತಿದರೆ ಅಲ್ಲಿ ಪಾರಿವಾಳಗಳ ನಡುವೆ ಮೈಲ್ಸ್ ಒಬ್ಬನೇ. ‘ಯಾರೂ ಬಂದಿಲ್ಲ’ ಅನ್ನುತ್ತಾನೆ. ಹಾಳೆಯಲ್ಲಿ ಏನು ಬರೆಯುತ್ತೀರಿ? ಇನ್ನೊಬ್ಬ ಇದ್ದ, ಅವನಿಗೆ ಕಂಡಿಲ್ಲ. ಅಥವಾ ಆಕೆ ಕಂಡದ್ದೇ ಮೈಲ್ಸ್‌ನನ್ನು. ಅಥವಾ ಹುಡುಗ ಸುಳ್ಳು ಹೇಳಿದ. ಮೂರಕ್ಕೂ ಜಾಗ ಇದೆ.

ಇನ್ನು ನನ್ನ ಮಟ್ಟಿಗೆ ಇಡೀ ಸಿನಿಮಾದ ಕೀಲು ಒಂದು ಸಣ್ಣ ಚಿತ್ರಪಟ. ಕಣ್ಣಾಮುಚ್ಚಾಲೆ ಆಡುವಾಗ ಗಿಡೆನ್ಸ್ ಅಟ್ಟ ಹತ್ತುತ್ತಾಳೆ. ಅಲ್ಲಿ ಹಳೆಯ ಸಾಮಾನಿನ ನಡುವೆ ಒಬ್ಬ ಗಂಡಸಿನ ಪುಟ್ಟ ಪಟ ಸಿಗುತ್ತದೆ, ಗಾಜು ಬಿರಿದಿದೆ. ಅದು ಕ್ವಿಂಟ್‌ನದು ಎಂದು ಆಕೆಗಿನ್ನೂ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೇ ಕೆಳಗೆ ಕಿಟಕಿಯ ಗಾಜಿನಾಚೆ ಕತ್ತಲಿಂದ ಒಂದು ಮುಖ ಹತ್ತಿರ ಬರುತ್ತದೆ, ಅದೇ ಮುಖ. ಆಮೇಲೆ ಮನೆ ನೋಡಿಕೊಳ್ಳುವ ಮಿಸೆಸ್ ಗ್ರೋಸ್‌ಗೆ ಆ ಮುಖ ವರ್ಣಿಸುತ್ತಾಳೆ. ಗ್ರೋಸ್ ಗಾಬರಿಯಾಗಿ ‘ಅವನು ಕ್ವಿಂಟ್, ಸತ್ತುಹೋಗಿದ್ದಾನೆ’ ಅನ್ನುತ್ತಾಳೆ. ದೆವ್ವದ ಪಾರ್ಟಿಯವರು ಇಲ್ಲೇ ಮೇಜು ಕುಟ್ಟುವುದು: ನೋಡದವನ ಚಹರೆ ಹೇಳಿದಳಲ್ಲ! ಆದರೆ ಸಿನಿಮಾದಲ್ಲಿ ಆಕೆ ಪಟವನ್ನು ಮೊದಲೇ ನೋಡಿದ್ದಾಳೆ. ಪುಸ್ತಕದಲ್ಲಿ ಈ ಪಟವೇ ಇಲ್ಲ. ಅಲ್ಲಿ ಯಾವ ಪಟವನ್ನೂ ನೋಡದೆ ಕೆಂಗೂದಲು, ತಲೆಯ ಮೇಲೆ ಟೊಪ್ಪಿಗೆ ಇಲ್ಲ ಎಂದೆಲ್ಲ ಹೇಳುತ್ತಾಳೆ, ಅದು ದೆವ್ವದ ಪರ ಬಲವಾದ ಸಾಕ್ಷಿ. ಸಿನಿಮಾ ಮಾಡಿದವರು ಒಂದೇ ಒಂದು ವಸ್ತು ಸೇರಿಸಿ ಆ ಸಾಕ್ಷಿಯನ್ನು ಮುರಿದರು. ಮೊದಲ ನೋಟಕ್ಕೆ ಇದು ಗಮನಕ್ಕೇ ಬರುವುದಿಲ್ಲ, ಯಾಕೆಂದರೆ ಪಟದ ದೃಶ್ಯ ಆಟದ ಗಲಾಟೆಯ ನಡುವೆ ಸರಿದುಹೋಗುತ್ತದೆ.

ಮುರಿದವರೇ ಇನ್ನೊಂದು ಸಾಕ್ಷಿ ಕಟ್ಟಿಕೊಟ್ಟರು. ಓದುವ ಕೋಣೆಯಲ್ಲಿ ಮಿಸ್ ಜೆಸೆಲ್ ಮೇಜಿನ ಮುಂದೆ ಕೂತು ಅಳುತ್ತಿದ್ದಾಳೆ. ಗಿಡೆನ್ಸ್ ಹತ್ತಿರ ಹೋಗುವಷ್ಟರಲ್ಲಿ ಮಾಯ. ಆದರೆ ಪಾಟಿಯ ಮೇಲೆ ಒಂದು ಹನಿ ಕಣ್ಣೀರು. ಆಕೆ ಬೆರಳಿಂದ ಮುಟ್ಟುತ್ತಾಳೆ, ಒದ್ದೆ. ದೆವ್ವ ಹೋದ ಮೇಲೆ ಏನಾದರೂ ಉಳಿಯಿತೇ ಎಂಬ ಕಾಲಮ್ಮಿನಲ್ಲಿ ನಿಮಗೆ ಸಿಗುವುದು ಇದೊಂದೇ. ಸರಿ, ಆದರೆ ಆ ಹೊತ್ತು ಕೋಣೆಯಲ್ಲಿ ಇನ್ನೊಬ್ಬರಿಲ್ಲ. ಹನಿಗೂ ಸಾಕ್ಷಿ ಆಕೆಯೇ.

ಮುಖ ಮೊದಲೋ ದೆವ್ವ ಮೊದಲೋ ಎಂಬುದನ್ನು ತುಂಬಿಸುತ್ತಾ ಹೋದರೆ ಒಂದು ನಿಯಮ ಹೊಳೆಯುತ್ತದೆ. ಹೆಚ್ಚಿನ ಕಡೆ ಮೊದಲು ಆಕೆಯ ಮುಖ ಬದಲಾಗುತ್ತದೆ, ಆಮೇಲೆ ಆಕೆ ಕಂಡದ್ದು ತೆರೆಗೆ ಬರುತ್ತದೆ. ಸಾಮಾನ್ಯ ದೆವ್ವದ ಸಿನಿಮಾ ಇದಕ್ಕೆ ತದ್ವಿರುದ್ಧ: ಪಾತ್ರದ ಬೆನ್ನ ಹಿಂದೆ ದೆವ್ವ ನಮಗೆ ಕಾಣುತ್ತದೆ, ಪಾತ್ರಕ್ಕೆ ಇನ್ನೂ ಗೊತ್ತಿಲ್ಲ, ನಾವು ಕೂಗಿಕೊಳ್ಳುತ್ತೇವೆ. ಇಲ್ಲಿ ನಾವು ಆಕೆಗಿಂತ ಮುಂಚೆ ಏನನ್ನೂ ಕಾಣುವುದಿಲ್ಲ. ಕೆರೆಯ ಆಚೆ ದಡದಲ್ಲಿ ಆಪುಹುಲ್ಲಿನ ನಡುವೆ ಜೆಸೆಲ್ ನಿಂತಿರುವುದೂ ಹಾಗೇ. ಎರಡನೇ ಸಲ, ಮಳೆಯಲ್ಲಿ, ಫ್ಲೋರಾಳನ್ನು ಹಿಡಿದು ‘ನೋಡು’ ಎಂದು ಒತ್ತಾಯಿಸಿದಾಗ ಮಗು ಚೀರಿಕೊಳ್ಳುತ್ತದೆ. ಮಿಸೆಸ್ ಗ್ರೋಸ್ ಅಲ್ಲಿಗೆ ಬರುತ್ತಾಳೆ, ಅವಳಿಗೆ ಏನೂ ಕಾಣುವುದಿಲ್ಲ. ಸಿನಿಮಾ ಮುಗಿಯುವ ತನಕ ಗ್ರೋಸ್ ಒಮ್ಮೆಯೂ ದೆವ್ವ ಕಾಣುವುದಿಲ್ಲ.

ಈಗ ಕೊನೆ. ಫ್ಲೋರಾಳನ್ನು ಗ್ರೋಸ್ ಜೊತೆ ಕಳಿಸಿಬಿಟ್ಟಿದ್ದಾಳೆ. ಉಳಿದದ್ದು ಆಕೆ ಮತ್ತು ಮೈಲ್ಸ್. ಗಾಜಿನ ಮನೆಯಲ್ಲಿ ಮಾತು ಶುರುವಾಗಿ ಜಗಳಕ್ಕೆ ತಿರುಗುತ್ತದೆ. ಹುಡುಗ ಬಾಯಿಗೆ ಬಂದಂತೆ ಬೈಯುತ್ತಾನೆ, ಆಮೆ ಎಸೆದು ಗಾಜು ಒಡೆಯುತ್ತಾನೆ, ಹೊರಗೆ ವಿಗ್ರಹಗಳು ನಿಂತ ಅಂಗಳಕ್ಕೆ ಓಡುತ್ತಾನೆ. ‘ಅವನ ಹೆಸರು ಹೇಳು’ ಎಂದು ಆಕೆ ಬೆನ್ನು ಬೀಳುತ್ತಾಳೆ. ಹುಡುಗ ಕ್ವಿಂಟ್‌ನ ಹೆಸರು ಕೂಗುತ್ತಾನೆ, ಕೂಗಿ ‘ಎಲ್ಲಿ?’ ಎಂದು ಸುತ್ತ ಹುಡುಕುತ್ತಾನೆ. ಅಂದರೆ ಹೆಸರು ಹೇಳಿದ ಮೇಲೂ ಅವನಿಗೆ ಕಾಣುತ್ತಿಲ್ಲ. ಆಗ ಎತ್ತರದಿಂದ ತೆಗೆದ ಒಂದು ಶಾಟ್ ಬರುತ್ತದೆ, ಅದರಲ್ಲಿ ಕ್ವಿಂಟ್‌ನ ಕೈ ಮುಂದೆ ಇದೆ, ಹುಡುಗ ಕೆಳಗೆ. ಹುಡುಗ ಕುಸಿಯುತ್ತಾನೆ.

ಈ ಶಾಟ್ ಆಕೆಯ ಕಣ್ಣಿನದ್ದಲ್ಲ. ನಿಯಮ ಇಲ್ಲಿ ಮುರಿಯಿತು. ಹಾಗಾದರೆ ದೆವ್ವ ಇದ್ದದ್ದು ಸಾಬೀತಾಯಿತೇ? ನಿಲ್ಲಿ, ಸಿನಿಮಾದ ಮೊದಲ ನಿಮಿಷಕ್ಕೆ ಹೋಗಿ. ಕತ್ತಲಲ್ಲಿ ಪ್ರಾರ್ಥನೆಗೆ ಜೋಡಿಸಿದ ಎರಡು ಕೈ, ಹಕ್ಕಿಗಳ ಸದ್ದು, ಮಕ್ಕಳನ್ನು ಉಳಿಸಬೇಕೆಂದೇ ಬಯಸಿದ್ದೆ, ಹಾಳು ಮಾಡಬೇಕೆಂದಲ್ಲ ಎಂಬ ಅಳು. ಅದು ಹುಡುಗ ಸತ್ತ ಮೇಲಿನ ಮಾತು, ಸಿನಿಮಾ ಶುರುವಾಗುವುದೇ ಅದರಿಂದ. ಅಂದ ಮೇಲೆ ನಡುವಿನದೆಲ್ಲ ಆಕೆ ಕೊಡುತ್ತಿರುವ ಜಬಾನಿ, ಅಂದರೆ ಆಕೆಯ ಹೇಳಿಕೆ. ಆ ಎತ್ತರದ ಶಾಟೂ, ಆ ಕೈಯೂ ಜಬಾನಿಯ ಒಳಗೇ ಬರುತ್ತದೆ. ಕೈ ತೋರಿಸಿ ಕೇಸು ಗೆಲ್ಲುವವರು ಈ ಮೊದಲ ನಿಮಿಷಕ್ಕೆ ಉತ್ತರ ಕೊಡಬೇಕು. ತಲೆ ಕೆಟ್ಟಿತ್ತು ಅನ್ನುವವರಿಗೂ ಬಿಡುವಿಲ್ಲ: ಹತ್ತು-ಹನ್ನೆರಡರ ಆಸುಪಾಸಿನ ಹುಡುಗ ಬರೀ ಒಂದು ಹೆಸರಿಗೆ ಯಾಕೆ ಸತ್ತ? ಭಯದಿಂದ ಎಂದರೆ, ಯಾರ ಭಯದಿಂದ?

ಇಲ್ಲಿಯೇ ನಮ್ಮ ಕಡೆಯವರ ಕಣ್ಣು ಬೇರೆ ಥರ ಕೆಲಸ ಮಾಡಬೇಕು, ಮಾಡುತ್ತದೆ ಕೂಡ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಮಂಗಳಾರತಿ ಹೊತ್ತಿಗೆ ಮೈಮೇಲೆ ಬಂದವರು ಕೂಗುವುದು, ಕಂಬ ಹತ್ತುವುದು ಕಂಡವರು ಇಲ್ಲಿ ಮನೆಗೊಬ್ಬರು ಸಿಗುತ್ತಾರೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನಾನು ಹೇಳುವುದು ಆ ಪದ್ಧತಿಯ ಒಂದು ಅಂಶ. ಗಾಳಿ ಬಿಡಿಸುವವರು ‘ಯಾರ್ ನೀ? ಎಲ್ಲಿಂದ ಬಂದಿ? ಹೆಸರ್ ಹೇಳು’ ಎಂದು ಕೇಳುವುದು ಮೈಮೇಲೆ ಬಂದದ್ದನ್ನು. ಮೈ ಯಾರದೋ ಅವರನ್ನಲ್ಲ. ಕೇಳುವಾಗ ಅವ್ವ, ಅಪ್ಪ, ಅಣ್ಣ ಯಾರಾದರೂ ಪಕ್ಕದಲ್ಲಿ ಹಿಡಿದುಕೊಂಡಿರುತ್ತಾರೆ. ಗಿಡೆನ್ಸ್ ಎರಡನ್ನೂ ತಲೆಕೆಳಗು ಮಾಡಿದಳು. ದೆವ್ವಕ್ಕೆ ಹಾಕಬೇಕಾದ ಪ್ರಶ್ನೆಯನ್ನು ಹುಡುಗನಿಗೆ ಹಾಕಿದಳು. ಅವನ ಪಾಲಿಗಿದ್ದ ತಂಗಿಯನ್ನು, ಮಿಸೆಸ್ ಗ್ರೋಸ್‌ಳನ್ನು ಮೊದಲೇ ಕಳಿಸಿ ಅವನನ್ನು ಒಂಟಿ ಮಾಡಿದಳು. ದೆವ್ವ ಇದ್ದದ್ದು ನಿಜ ಅಂದುಕೊಂಡರೂ ಆಕೆ ಬಿಡಿಸಿದ ರೀತಿ ತಪ್ಪು. ಇರಲಿಲ್ಲ ಅಂದುಕೊಂಡರೆ ಹೇಳುವುದೇ ಬೇಡ. ಎರಡೂ ಹಾದಿ ಬಂದು ನಿಲ್ಲುವುದು ಒಂದೇ ಕಡೆ, ಆ ಹುಡುಗನ ಹೆಣದ ಹತ್ತಿರ. ಸಿನಿಮಾ ಬೇಕಂತಲೇ ತೀರ್ಮಾನಿಸದೆ ಬಿಟ್ಟದ್ದು ದೆವ್ವದ ಪ್ರಶ್ನೆಯನ್ನು. ಯಾರ ಹೊಣೆ ಎಂಬುದನ್ನು ಬಿಟ್ಟಿಲ್ಲ.

‘ಆಪ್ತಮಿತ್ರ’ (2004) ನೋಡಿ ಬೆಳೆದವರಿಗೆ ಇದು ಬೇಗ ತಿಳಿಯುತ್ತದೆ. ಅಲ್ಲಿ ವಿಷ್ಣುವರ್ಧನ್ ಅವರ ಡಾಕ್ಟರು ಇದು ಮನಸ್ಸಿನ ಕಾಯಿಲೆ ಅನ್ನುತ್ತಾರೆ, ಆದರೂ ಆಚಾರ್ಯರನ್ನು ಜೊತೆಗೆ ಸೇರಿಸಿಕೊಂಡೇ ಗಂಗಾಳನ್ನು ಉಳಿಸುತ್ತಾರೆ. ಗಂಡ ಅಲ್ಲೇ ಇದ್ದಾನೆ, ಮನೆಮಂದಿ ಇದ್ದಾರೆ. ಮೈಲ್ಸ್‌ಗೆ ಡಾಕ್ಟರೂ ಇಲ್ಲ, ಆಚಾರ್ಯರೂ ಇಲ್ಲ, ಕಾಕಾ ಅಂತೂ ಮೊದಲ ದಿನವೇ ಕೈ ತೊಳೆದುಕೊಂಡಿದ್ದಾನೆ.

ಕೊನೆಯ ಮುತ್ತಿನ ಬಗ್ಗೆ ಬಹಳ ಮಂದಿ ಮುಖ ತಿರುಗಿಸುತ್ತಾರೆ, ಮಾತಾಡುವುದಿಲ್ಲ. ಸತ್ತ ಹುಡುಗನ ತುಟಿಗೆ ಆಕೆ ಮುತ್ತಿಡುತ್ತಾಳೆ. ಇದಕ್ಕೆ ಮುಂಚೆ ಮಲಗುವ ಹೊತ್ತಿನಲ್ಲಿ ಮೈಲ್ಸ್ ಆಕೆಗೆ ಮುತ್ತಿಟ್ಟ ದೃಶ್ಯ ಇದೆ, ದಿಂಬಿನ ಕೆಳಗೆ ಕತ್ತು ಮುರಿದ ಪಾರಿವಾಳ ಸಿಕ್ಕ ರಾತ್ರಿ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ನೋಡಿ. ಮೊದಲನೆಯದರಲ್ಲಿ ಆಕೆ ಬೆಚ್ಚುತ್ತಾಳೆ, ಆದರೆ ಹಿಂದೆ ಸರಿಯುವುದಿಲ್ಲ. ‘ಉಳಿಸಬೇಕು’ ಎಂಬ ಆಕೆಯ ಹಟದೊಳಗೆ ಆಕೆಯೇ ಹೆಸರಿಡಲಾಗದ ಇನ್ನೊಂದು ಆಸೆ ಕಲೆತಿತ್ತು ಎಂಬುದನ್ನು ಈ ಜೋಡಿ ಹೇಳುತ್ತದೆ. ಹುಡುಗನಿಗೆ ಹೆಸರು ಹೇಳು ಎಂದು ಪೀಡಿಸಿದವಳಿಗೆ ತನ್ನೊಳಗಿನದರ ಹೆಸರು ಕೊನೆವರೆಗೂ ಬಾಯಿಗೆ ಬರಲಿಲ್ಲ. ನನಗೆ ಈ ಸಿನಿಮಾದಲ್ಲಿ ನಿಜವಾಗಿ ನಡುಕ ಹುಟ್ಟಿಸುವುದು ಇದೇ.

ನೋಡುವ ರೀತಿ ಕೆಟ್ಟರೆ ಇದ್ಯಾವುದೂ ಕಾಣುವುದಿಲ್ಲ, ಹಾಗಾಗಿ ಒಂದೆರಡು ಮಾತು. ಇದು ಸಿನಿಮಾಸ್ಕೋಪ್, ಅಗಲ ಎತ್ತರದ 2.35 ಪಟ್ಟು. ಮೇಲೆ ಕೆಳಗೆ ಕರಿ ಪಟ್ಟಿ ಬರುತ್ತದೆ ಎಂದು ಟಿವಿಯಲ್ಲಿ ಜೂಮ್ ಮಾಡಿದರೆ ಅಗಲದ ಸುಮಾರು ಕಾಲು ಭಾಗ ಹೋಗುತ್ತದೆ. ಕ್ಯಾಮೆರಾಮನ್ ಫ್ರೆಡ್ಡಿ ಫ್ರಾನ್ಸಿಸ್ ಫಿಲ್ಟರಿನ ಅಂಚಿಗೆ ಬಣ್ಣ ಬಳಿದು ತೆರೆಯ ಎರಡೂ ಬದಿ ಕಪ್ಪಾಗಿಸಿದ್ದರು, ಕಣ್ಣು ಆ ಕತ್ತಲಲ್ಲಿ ಏನೋ ಹುಡುಕಲಿ ಎಂದು. ಜೂಮ್ ಮಾಡಿದಿರೋ ಆ ಕೆಲಸವೇ ಹೋಯಿತು. ಟಿವಿಯನ್ನು ‘ವಿವಿಡ್’ನಿಂದ ತೆಗೆದು ‘ಸಿನಿಮಾ’ ಅಥವಾ ‘ಮೂವಿ’ ಮೋಡಿಗೆ ಹಾಕಿ. ಫೋನಾದರೆ 1080ರಲ್ಲಿ ನೋಡಿ, 480ರಲ್ಲಿ ಕತ್ತಲೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ. ಶುರುವಿನಲ್ಲಿ ಕಂಪನಿಯ ಲಾಂಛನಕ್ಕೂ ಮುಂಚೆ ತೆರೆ ಪೂರ್ತಿ ಕಪ್ಪು, ಒಂದು ಮಗುವಿನ ಹಾಡು ಮಾತ್ರ ಕೇಳುತ್ತದೆ. ಫೋನ್ ಹ್ಯಾಂಗಾಯಿತು ಎಂದು ಮುಂದೆ ಓಡಿಸಬೇಡಿ, ಆ ರಾಗ ಮುಂದೆ ಮತ್ತೆ ಮತ್ತೆ ಬರುತ್ತದೆ.

ಎಲ್ಲಕ್ಕಿಂತ ಮುಖ್ಯ ಸದ್ದು. ನಮ್ಮ ಬೇಸಿಗೆಯಲ್ಲಿ ಕೂಲರ್ ಇಲ್ಲದೆ ಕೂಡುವುದು ಕಷ್ಟ, ಆದರೆ ಕೂಲರಿನ ಗುಂಯ್ ಸದ್ದಿನಲ್ಲಿ ಹಕ್ಕಿಗಳ ದನಿ ನಿಂತದ್ದು ಗೊತ್ತೇ ಆಗುವುದಿಲ್ಲ. ಕಿವಿ ಮುಚ್ಚುವಂಥ ಹೆಡ್‌ಫೋನ್ ಹಾಕಿ. ಮೊದಲ ಸಲ ತಡೆಯದೆ 100 ನಿಮಿಷ ನೋಡಿ, ಎರಡನೇ ಸಲಕ್ಕೆ ಹಾಳೆ.

ಪುಸ್ತಕ ಓದುವ ಮನಸ್ಸಿದ್ದರೆ ಸಿನಿಮಾ ಆದ ಮೇಲೆ ಓದಿ. ಕಾಪಿರೈಟ್ ಮುಗಿದಿದೆ, ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತದೆ. 24 ಅಧ್ಯಾಯ, ಇಂಗ್ಲಿಷ್ ಸ್ವಲ್ಪ ಬಿಗಿ. ಅಷ್ಟೂ ಓದಲಾಗದವರು 5ನೇ ಅಧ್ಯಾಯ ಒಂದನ್ನಾದರೂ ಓದಿ. ಚಹರೆ ಹೇಳುವ ಮಾತು ಅಲ್ಲಿದೆ, ಪಟ ಇಲ್ಲ. ಓದಿ ಮುಗಿಸಿ ನಿಮ್ಮ ಹಾಳೆ ಮತ್ತೆ ತೆಗೆಯಿರಿ, ಕ್ವಿಂಟ್‌ನ ಎದುರು ಬರೆದದ್ದು ಎಷ್ಟು ಉಳಿಯಿತು, ಎಷ್ಟು ಬದಲಾಯಿತು ಎಂದು ಕಾಮೆಂಟಿನಲ್ಲಿ ಹೇಳ್ರಿ.