ಸತ್ತವನ ಕಾಲ್‌ಶೀಟ್

ಸತ್ತ ನಟರಿಗೆ ಈಗ ಬಿಡುವೇ ಇಲ್ಲ. 2023ರ ಡಿಸೆಂಬರಿನಲ್ಲಿ ತೀರಿಕೊಂಡ ತಮಿಳಿನ ವಿಜಯಕಾಂತ್, ಮರುವರ್ಷದ ಸೆಪ್ಟೆಂಬರಿನಲ್ಲಿ ವಿಜಯ್ ಅವರ ಹೊಸ ಚಿತ್ರದಲ್ಲಿ ಹಾಜರಿದ್ದರು. ನಮ್ಮ ವಿಷ್ಣುವರ್ಧನ್ ಅವರನ್ನಂತೂ 2016ರಲ್ಲೇ ಕಂಪ್ಯೂಟರಿನಿಂದ ಎಬ್ಬಿಸಿ ಕರೆತಂದು, ಅವರನ್ನು ನಾಯಕನನ್ನಾಗಿ ಮಾಡಿದ 1972ರ ‘ನಾಗರಹಾವು’ ಚಿತ್ರದ ಹೆಸರನ್ನೂ ಎತ್ತಿಕೊಂಡು ಬಿಡುಗಡೆ ಮಾಡಿದ್ದರು. ಪ್ರತಿ ಸಲವೂ ಅದೇ ವರದಿ: ತಂತ್ರಜ್ಞಾನದ ಪವಾಡ, ಕುಟುಂಬದವರ ಒಪ್ಪಿಗೆ, ಅಭಿಮಾನಿಗಳ ಆನಂದಬಾಷ್ಪ. ಇಂಥದ್ದು ಹಿಂದೆಂದೂ ಆಗಿರಲಿಲ್ಲ ಎಂದು ಬೀಗುವ ಮಹನೀಯರಿಗೆ ಒಂದು ಹಳೆಯ ಕುಂಗ್‌ಫು ಚಿತ್ರವನ್ನು ಶಿಫಾರಸು ಮಾಡುತ್ತೇನೆ. ಹೆಸರು ‘ಗೇಮ್ ಆಫ್ ಡೆತ್’. ಬಿಡುಗಡೆ 1978. ನಾಯಕ ಬ್ರೂಸ್ ಲೀ. ನಾಯಕ ತೀರಿಕೊಂಡದ್ದು 1973ರ ಜುಲೈ 20ರಂದು. ಇಸವಿಗಳಲ್ಲಿ ಅಚ್ಚಿನ ದೋಷವೇನೂ ಇಲ್ಲ.

ಬಾಡಿಗೆ ವಿಸಿಆರ್ ಕಾಲದವರಿಗೆ ಈ ಚಿತ್ರವನ್ನು ಪರಿಚಯಿಸುವ ಅಗತ್ಯವಿಲ್ಲ. ಟಿವಿ, ವಿಸಿಆರ್, ಮೂರು ಕ್ಯಾಸೆಟ್ ಎಲ್ಲ ಸೇರಿ ಒಂದು ರಾತ್ರಿಗೆ ಇಷ್ಟೆಂದು ಬಾಡಿಗೆ. ಎರಡು ದೇವರ ಅಥವಾ ಸಂಸಾರದ ಚಿತ್ರ ಹಿರಿಯರಿಗೆ, ಅವರು ತೂಕಡಿಸಿದ ಮೇಲೆ ಬ್ರೂಸ್ ಲೀ ನಮಗೆ. ಮರುದಿನ ಬೀದಿಯ ಹುಡುಗರೆಲ್ಲ ಎರಡು ಕೋಲಿಗೆ ಸೈಕಲ್ ಚೈನು ಕಟ್ಟಿ ನಂಚಾಕು ಬೀಸಿ, ತಮ್ಮ ತಲೆಗೇ ಹೊಡೆದುಕೊಂಡು ಮನೆಗೆ ಮರಳುತ್ತಿದ್ದರು. ಈ ಚಿತ್ರ ಹಾಕಿದಾಗ ಮಾತ್ರ ನಾಯಕನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಕ್ಯಾಸೆಟ್ ಸವೆದಿದೆ ಎಂದು ಒಬ್ಬರು, ಹೆಡ್ ಕೊಳೆಯಾಗಿದೆ ಎಂದು ಇನ್ನೊಬ್ಬರು. ಯಂತ್ರ ಬಿಚ್ಚಿ ಹೆಡ್ ಒರೆಸಿದ್ದೂ ಒರೆಸಿದ್ದೇ. ಪಾಪ, ಆ ಹೆಡ್‌ನದ್ದೇನೂ ತಪ್ಪಿರಲಿಲ್ಲ. ತೆರೆಯ ಮೇಲಿದ್ದದ್ದು ಬ್ರೂಸ್ ಲೀಯ ಮುಖವೇ ಆಗಿರಲಿಲ್ಲ.

ಆದದ್ದಿಷ್ಟು. 1972ರಲ್ಲಿ ಲೀ ಈ ಚಿತ್ರದ ಹೊಡೆದಾಟಗಳನ್ನು ಸ್ವತಃ ನಿರ್ದೇಶಿಸಿ ಚಿತ್ರೀಕರಿಸುತ್ತಿದ್ದ. ಒಂದು ಗೋಪುರ, ಅಂತಸ್ತಿಗೊಬ್ಬ ಪಟು, ಒಬ್ಬೊಬ್ಬರನ್ನೇ ಸೋಲಿಸುತ್ತ ಮೇಲೇರಬೇಕು. ಅಷ್ಟರಲ್ಲಿ ಹಾಲಿವುಡ್‌ನಿಂದ ‘ಎಂಟರ್ ದ ಡ್ರ್ಯಾಗನ್’ ಕರೆ ಬಂತು. ಇದನ್ನು ಅರ್ಧಕ್ಕೆ ಬಿಟ್ಟು ಹೋದವನು ಮುಗಿಸಲು ಮರಳುವ ಮೊದಲೇ ತೀರಿಕೊಂಡ. ಗೋಲ್ಡನ್ ಹಾರ್ವೆಸ್ಟ್ ನಿರ್ಮಾಣ ಸಂಸ್ಥೆಯ ಕೈಯಲ್ಲಿ ಉಳಿದದ್ದು ಕೊನೆಯ ಹೊಡೆದಾಟ ಮಾತ್ರ, ಅದಕ್ಕೆ ಹಿಂದೂ ಇಲ್ಲ ಮುಂದೂ ಇಲ್ಲ. ಬೇರೆಯವರಾದರೆ ಡಬ್ಬಕ್ಕೆ ಬೀಗ ಹಾಕಿ ಇಡುತ್ತಿದ್ದರು. ಇವರು ‘ಎಂಟರ್ ದ ಡ್ರ್ಯಾಗನ್’ ಮಾಡಿದ್ದ ರಾಬರ್ಟ್ ಕ್ಲೌಸ್ ಅವರನ್ನೇ ಕರೆಸಿ, ಈ ಕ್ಲೈಮ್ಯಾಕ್ಸ್‌ಗೆ ಒಂದು ಸಿನಿಮಾ ಹೊಂದಿಸಿಕೊಡಿ ಎಂದರು.

ಅವರು ಹೊಂದಿಸಿದ ಬಗೆಯನ್ನು ನಮ್ಮ ಸಿನಿಮಾ ಶಾಲೆಗಳಲ್ಲಿ ಪಾಠವಾಗಿ ಇಡಬೇಕು. ಲೀಯನ್ನು ಹೋಲುವ ಕೊರಿಯಾದ ಕಿಮ್ ತೈ ಚುಂಗ್ ನಡೆದಾಡಲಿಕ್ಕೆ, ಯುಯೆನ್ ಬಿಯಾವೊ ಲಾಗ ಹಾಕಲಿಕ್ಕೆ. ರಾತ್ರಿಯಲ್ಲೂ ಕಪ್ಪು ಕನ್ನಡಕ. ಕನ್ನಡಕ ಸಾಲದಿದ್ದರೆ ಗಡ್ಡ, ಗಡ್ಡವೂ ಸಾಲದಿದ್ದರೆ ಹೆಲ್ಮೆಟ್. ಇಡೀ ಚಿತ್ರದಲ್ಲಿ ಅತಿ ಹೆಚ್ಚು ಅಭಿನಯಿಸಿರುವುದು ಒಂದು ಬೆನ್ನು. ಮುಖ ತೋರಿಸಲೇಬೇಕಾದ ಕಡೆ ಲೀಯ ಹಳೆಯ ಚಿತ್ರದ ತುಣುಕೊಂದು ಮಿಂಚಿ ಮಾಯವಾಗುತ್ತದೆ. ನಾಯಕ ಒಂದು ಅಂಗಿಯಲ್ಲಿ ಕತ್ತು ತಿರುಗಿಸಿ ಇನ್ನೊಂದು ಅಂಗಿಯಲ್ಲಿ ನೋಡುತ್ತಾನೆ. ಇನ್ನು ಆ ಕನ್ನಡಿಯ ದೃಶ್ಯ! ನಾಯಕ ಮೇಕಪ್ ಕೋಣೆಯಲ್ಲಿ ಕನ್ನಡಿಯೆದುರು ಕೂತಿದ್ದಾನೆ. ಪ್ರತಿಬಿಂಬ ಬೇಕಲ್ಲ? ಬ್ರೂಸ್ ಲೀಯ ಭಾವಚಿತ್ರದಿಂದ ತಲೆಯನ್ನು ಕತ್ತರಿಸಿ ಕನ್ನಡಿಗೇ ಅಂಟಿಸಿಬಿಟ್ಟಿದ್ದಾರೆ. ಮುಂಡ ಅಲುಗುತ್ತದೆ, ರಟ್ಟಿನ ತಲೆ ಅಲುಗುವುದಿಲ್ಲ. ಇದರ ಹಿಂದೆ ಜೇಮ್ಸ್ ಬಾಂಡ್ ಚಿತ್ರಗಳಿಗೆ ಸಂಗೀತ ಕೊಟ್ಟ ಜಾನ್ ಬ್ಯಾರಿಯವರ ಭವ್ಯ ವಾದ್ಯಮೇಳ. ರಟ್ಟಿಗೆ ಅಷ್ಟು ದೊಡ್ಡ ಸಂಗೀತ ಅದಕ್ಕೆ ಮೊದಲೂ ಸಿಕ್ಕಿರಲಿಕ್ಕಿಲ್ಲ, ಅನಂತರವೂ.

ಕಥೆಗಾರರ ಬುದ್ಧಿಗೂ ಒಂದು ನಮಸ್ಕಾರ ಸಲ್ಲಬೇಕು. ನಾಯಕ ಸಿನಿಮಾ ನಟ. ದುಷ್ಟಕೂಟವೊಂದು ಚಿತ್ರೀಕರಣದ ವೇಳೆಯಲ್ಲೇ ಅವನಿಗೆ ನಿಜವಾದ ಗುಂಡು ಹಾರಿಸುತ್ತದೆ. ಗುಂಡು ತಾಗುವುದು ಎಲ್ಲಿಗೆ? ಮುಖಕ್ಕೆ! ಕೂಡಲೇ ಶಸ್ತ್ರಚಿಕಿತ್ಸೆ. ಅಲ್ಲಿಂದ ಮುಂದೆ ಮುಖ ಬೇರೆಯಾಗಿದ್ದರೆ ಅದಕ್ಕೆ ವೈದ್ಯರು ಹೊಣೆಯೇ ಹೊರತು ನಿರ್ಮಾಪಕರಲ್ಲ.

ಇವರನ್ನೇ ಬೈದು ಪ್ರಯೋಜನವಿಲ್ಲ, ಆಗ ಹಾಂಗ್‌ಕಾಂಗ್ ತುಂಬ ಇದೇ ಸುಗ್ಗಿ. ಬ್ರೂಸ್ ಲೀ ಹೋದ, ಬ್ರೂಸ್ ಲಿ ಬಂದ. ಅವನ ಹಿಂದೆ ಬ್ರೂಸ್ ಲೆ, ಬ್ರೂಸ್ ಲೈ, ಡ್ರ್ಯಾಗನ್ ಲೀ. ದೀರ್ಘವನ್ನು ಹ್ರಸ್ವ ಮಾಡಿದರೆ ಹೊಸ ನಾಯಕ ಸಿದ್ಧ. 1977ರ ಒಂದು ಚಿತ್ರದಲ್ಲಂತೂ ಸತ್ತ ಬ್ರೂಸ್ ಲೀ ಯಮಲೋಕದಲ್ಲಿ ಕಣ್ಣು ಬಿಡುತ್ತಾನೆ. ಅಲ್ಲಿ ಅವನ ಎದುರಾಳಿಗಳಲ್ಲಿ ಡ್ರಾಕುಲಾ, ಜೇಮ್ಸ್ ಬಾಂಡ್. ಅವನ ಪಕ್ಷ ವಹಿಸಿ ಹೊಡೆದಾಡುವವನು ಪಾಲಕ್ ತಿನ್ನುವ ಕಾರ್ಟೂನಿನ ಪೊಪಾಯ್. ಇನ್ನೊಂದರಲ್ಲಿ ವಿಜ್ಞಾನಿಯೊಬ್ಬ ಲೀಯ ಶವದಿಂದ ಜೀವಕೋಶ ತೆಗೆದು ಮೂರು ತದ್ರೂಪಿಗಳನ್ನು ತಯಾರಿಸುತ್ತಾನೆ. ಆಗ ಹೊಟ್ಟೆ ಹಿಡಿದು ನಕ್ಕಿದ್ದೆವು, ಈಗ ಅದೇ ಕೆಲಸಕ್ಕೆ ಕಂಪನಿಗಳಿವೆ. ‘ಗೇಮ್ ಆಫ್ ಡೆತ್’ಗೆ 1981ರಲ್ಲಿ ಎರಡನೆಯ ಭಾಗವೂ ಬಂತು. ಅದರಲ್ಲಿ ಶವಸಂಸ್ಕಾರದ ನಡುವೆ ಹೆಲಿಕಾಪ್ಟರ್ ಬಂದು ಶವಪೆಟ್ಟಿಗೆಯನ್ನೇ ಎತ್ತಿಕೊಂಡು ಹಾರುತ್ತದೆ. ಅದಕ್ಕೆ ಜೋತುಬಿದ್ದ ನಾಯಕ ಕೆಳಗೆ ಬಿದ್ದು ಸಾಯುತ್ತಾನೆ. ಹಳೆಯ ತುಣುಕುಗಳ ದಾಸ್ತಾನು ಅಷ್ಟಕ್ಕೆ ಮುಗಿದಿತ್ತು ಎಂದು ಕಾಣುತ್ತದೆ. ಉಳಿದ ಚಿತ್ರವನ್ನು ನಾಯಕನ ತಮ್ಮ ಮುಂದುವರಿಸುತ್ತಾನೆ.

ನಮ್ಮ ಆರ್ಕೆಸ್ಟ್ರಾಗಳ ಜೂನಿಯರ್ ರಾಜ್‌ಕುಮಾರ್, ಜೂನಿಯರ್ ಅಂಬರೀಶ್ ಅವರನ್ನು ಈ ಸಾಲಿಗೆ ಸೇರಿಸುವ ಹಾಗಿಲ್ಲ. ಗಣಪತಿ ಪೆಂಡಾಲಿನ ಮುಂದೆ ಮಧ್ಯರಾತ್ರಿಯವರೆಗೆ ಕುಣಿಯುವ ಆತ ತಾನು ಜೂನಿಯರ್ ಎಂದು ಹೆಸರಿನಲ್ಲೇ ಒಪ್ಪಿಕೊಂಡಿರುತ್ತಾನೆ. ಬೆವರು ಅವನದೇ.

ಇಷ್ಟು ಹೊತ್ತು ನಗಬಹುದು. ಆಮೇಲೆ ಆ ಚಿತ್ರದಲ್ಲಿ ಶವಯಾತ್ರೆ ಬರುತ್ತದೆ.

ಕಥೆಯ ಪ್ರಕಾರ ಅದು ಸುಳ್ಳು ಸಾವು, ನಾಯಕ ಶತ್ರುಗಳ ಕಣ್ಣಿಗೆ ಮಣ್ಣೆರಚಲು ಹೂಡಿದ ಆಟ. ತೆರೆಯ ಮೇಲಿರುವುದು ಮಾತ್ರ 1973ರಲ್ಲಿ ಹಾಂಗ್‌ಕಾಂಗಿನಲ್ಲಿ ನಡೆದ ನಿಜವಾದ ಅಂತಿಮದರ್ಶನ. ಅಳುತ್ತಿರುವ ಜನ ನಿಜ, ಹೂವು ನಿಜ. ತೆರೆದ ಪೆಟ್ಟಿಗೆಯೊಳಗಿನ ಮುಖವೂ ನಿಜ. ಅದುವರೆಗೆ ರಟ್ಟು, ಗಡ್ಡ, ಹೆಲ್ಮೆಟ್ಟುಗಳಿಂದ ದಾಟಿಸಿದವರು ಅಸಲಿ ಮುಖವನ್ನು ಹತ್ತಿರದಿಂದ ತೋರಿಸಿದ್ದು ಅವನ ಹೆಣದಲ್ಲಿ. ಸಂಕಲನದ ಮೇಜಿನ ಮೇಲೆ ಆ ತುಣುಕನ್ನು ಎತ್ತಿಕೊಂಡವರಿಗೆ ಒಂದು ಕ್ಷಣವೂ ಕೈ ನಡುಗಲಿಲ್ಲವೇ? ಲೀ ಸತ್ತಾಗ ಅವನಿಗೆ ಎಂಟು ವರ್ಷದ ಮಗನಿದ್ದ, ಇನ್ನೂ ಚಿಕ್ಕ ಮಗಳಿದ್ದಳು. ಆ ಮಗ ಬ್ರ್ಯಾಂಡನ್ 1993ರಲ್ಲಿ ಚಿತ್ರೀಕರಣದಲ್ಲೇ ಗುಂಡು ತಗಲಿ 28ನೇ ವಯಸ್ಸಿಗೆ ಸತ್ತ. ಡ್ಯೂಪ್ ಮತ್ತು ಕಂಪ್ಯೂಟರ್ ಬಳಸಿ ಅವನ ಚಿತ್ರವನ್ನೂ ಮುಗಿಸಿದರು. ಅಪ್ಪನ ಸಿನಿಮಾ ಇದನ್ನು ಮೊದಲೇ ನುಡಿದಿತ್ತು, ಅದು ಶಾಪ ಎಂದು ಕಥೆ ಕಟ್ಟುವವರು ಈಗಲೂ ಇದ್ದಾರೆ. ಶಾಪವೂ ಇಲ್ಲ, ಮಣ್ಣೂ ಇಲ್ಲ. ಬಂದೂಕನ್ನು ಸರಿಯಾಗಿ ಪರೀಕ್ಷಿಸದವರ ಬೇಜವಾಬ್ದಾರಿಗೆ ದೈವದ ಹೆಸರೇಕೆ?

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ. ಸತ್ತ ಆನೆಗೆ ಮೇವಿನ ಖರ್ಚೂ ಇಲ್ಲ. 2013ರಲ್ಲಿ ಜಾನಿ ವಾಕರ್ ವಿಸ್ಕಿಯ ಜಾಹೀರಾತಿಗೆ ಕಂಪ್ಯೂಟರಿನ ಬ್ರೂಸ್ ಲೀಯನ್ನು ಹಿಡಿದು ತಂದರು. ಅವನು ಮದ್ಯದಿಂದ ದೂರವಿದ್ದವನು ಎಂದು ಅಭಿಮಾನಿಗಳು ಸಿಟ್ಟಾದರು. ಬದುಕಿದ್ದಾಗ ಕ್ಯಾಂಟನೀಸ್ ಆಡುತ್ತಿದ್ದವನು ಅಲ್ಲಿ ಮ್ಯಾಂಡರಿನ್ ಆಡಿದ. ಸತ್ತವನಿಗೆ ಭಾಷೆ ಬದಲಿಸಿದರೂ ತಕರಾರಿಲ್ಲ. ನಟ ರಾಬಿನ್ ವಿಲಿಯಮ್ಸ್ ಇದನ್ನೆಲ್ಲ ಊಹಿಸಿದ್ದರೇನೋ, 2039ರವರೆಗೆ ತಮ್ಮ ರೂಪವನ್ನು ಯಾರೂ ಬಳಸಕೂಡದೆಂದು ಬರೆಸಿಟ್ಟೇ ಹೋದರು. ಪುನೀತ್ ಅವರ ‘ಜೇಮ್ಸ್’ ಮಾತು ಬೇರೆ. ಅದರಲ್ಲಿ ನಟಿಸಿದ್ದು ಅವರೇ, ಡಬ್ಬಿಂಗ್ ಉಳಿದಿತ್ತು, ಅಣ್ಣ ಶಿವರಾಜ್‌ಕುಮಾರ್ ಧ್ವನಿ ಕೊಟ್ಟರು. ತಮ್ಮ ಅರ್ಧಕ್ಕೆ ಬಿಟ್ಟ ಕೆಲಸವನ್ನು ಅಣ್ಣ ಮುಗಿಸುವುದಕ್ಕೂ, ಒಪ್ಪದ ಕೆಲಸಕ್ಕೆ ಸತ್ತವನನ್ನು ಹಚ್ಚುವುದಕ್ಕೂ ಇರುವ ಅಂತರವನ್ನು ಯಾರಿಗಾದರೂ ವಿವರಿಸಿ ಹೇಳಬೇಕಾಗಿ ಬಂದಿರುವುದೇ ಬೇಸರದ ಸಂಗತಿ.

ಹಾಗಿದ್ದರೂ ‘ಗೇಮ್ ಆಫ್ ಡೆತ್’ ನೋಡಿ ಎನ್ನುತ್ತೇನೆ, ಕೊನೆಯ ಸುಮಾರು 11 ನಿಮಿಷಗಳಿಗಾಗಿ. ಕಪ್ಪು ಪಟ್ಟಿಯ ಆ ಹಳದಿ ಉಡುಪಿನಲ್ಲಿ ನಿಜವಾದ ಬ್ರೂಸ್ ಲೀ ಮೆಟ್ಟಿಲೇರಿ ಬರುತ್ತಾನೆ. ಅದುವರೆಗಿನ ಬೆನ್ನುಗಳೆಲ್ಲ ಮರೆತುಹೋಗುತ್ತವೆ. ಡ್ಯಾನ್ ಇನೊಸಾಂಟೊ ಜತೆ ನಂಚಾಕುವಿನ ಜುಗಲ್‌ಬಂದಿ. ಮೇಲಿನ ಅಂತಸ್ತಿನಲ್ಲಿ ಏಳು ಅಡಿ ಎರಡು ಅಂಗುಲದ ಬಾಸ್ಕೆಟ್‌ಬಾಲ್ ಆಟಗಾರ ಕರೀಮ್ ಅಬ್ದುಲ್ ಜಬ್ಬಾರ್, ನಿಜಜೀವನದಲ್ಲಿ ಲೀಯ ಶಿಷ್ಯ. ಶಿಷ್ಯ ಗುರುವಿನ ಎದೆಗೆ ಒದೆಯುತ್ತಾನೆ, ಹಳದಿ ಬಟ್ಟೆಯ ಮೇಲೆ ಬೂಟಿನ ಗುರುತು ಎದೆಯಗಲ ಮೂಡುತ್ತದೆ. ದೈತ್ಯನಿಗೆ ಬೆಳಕು ಆಗದೆಂದು ತಿಳಿದ ಕೂಡಲೇ ಲೀ ಕಿಟಕಿಯ ಕಾಗದಗಳನ್ನು ಒಂದೊಂದಾಗಿ ಹರಿಯುತ್ತಾನೆ. ಬಲಕ್ಕಿಂತ ತಲೆ ಓಡಿಸಿ ಗೆಲ್ಲುವ ಅಂಥ ಹೊಡೆದಾಟ ಇಂದಿನ ಸ್ಲೋಮೋಷನ್ ನಾಯಕರಲ್ಲಿ ನನಗಂತೂ ಕಂಡಿಲ್ಲ. ಲೀ ತೆಗೆದ ಭಾಗ ಇನ್ನೂ ಉದ್ದವಿತ್ತು, ಅವನ ಜತೆ ಇಬ್ಬರು ಸಂಗಡಿಗರಿದ್ದರು. ಹೊಸ ಕಥೆಗೆ ಹೊಂದಲಿಲ್ಲವೆಂದು ಅವರನ್ನು ಕತ್ತರಿಸಿದ್ದರು. 2000ದಲ್ಲಿ ಬಂದ ಸಾಕ್ಷ್ಯಚಿತ್ರವೊಂದರಲ್ಲಿ ಅದೆಲ್ಲ ಜೋಡಿಸಿ ಸಿಗುತ್ತದೆ, ಹುಡುಕಿ ನೋಡಿ.

ಆದರೆ 1978ರ ಪ್ರತಿಯನ್ನು ಬೇಗ ನೋಡಿ. ಯಾರಾದರೂ ಪುಣ್ಯಾತ್ಮರು ಹೊಸ ತಂತ್ರಜ್ಞಾನ ಹಿಡಿದು ಬಂದು ಆ ಕನ್ನಡಿಯ ರಟ್ಟನ್ನು ಸರಿಪಡಿಸುವ ಮೊದಲು.