ಎಚ್-ಇಂಡೆಕ್ಸ್ ಎಷ್ಟು ಅಂತ ಕೇಳೋದು ಬಿಟ್ಟು, ಪೇಪರ್ ಓದಿ

ನಾನು ಒಂದು ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಬಡ್ತಿ, ಇಂಟರ್‌ವ್ಯೂ, ನ್ಯಾಕ್ ತಂಡದ ಭೇಟಿ, ಪ್ರಶಸ್ತಿಗೆ ಅರ್ಜಿ, ಏನೇ ಇದ್ದರೂ ಸಂಶೋಧನಾ ಪೇಪರುಗಳ ಲೆಕ್ಕ ಇಡುವ ಸ್ಕೋಪಸ್ ಮತ್ತು ಗೂಗಲ್ ಸ್ಕಾಲರ್ ತೆರೆದು ಯಾರ ಪೇಪರ್ ಎಷ್ಟು, ಸೈಟೇಷನ್ (ಬೇರೆ ಪೇಪರುಗಳು ಅದನ್ನು ಉಲ್ಲೇಖಿಸಿದ್ದು) ಎಷ್ಟು ಅಂತ ಲೆಕ್ಕ ತೆಗೆದು ಸಹಿ ಹಾಕಿ ಕೊಡುವುದು ನಮ್ಮ ವಿಭಾಗದ ಕೆಲಸ. ಈಚೆಗೆ ಬಂದ ಒಂದು ಫೈಲು ಶ್ವಾಸಕೋಶದ ಕಾಯಿಲೆಗಳ ಜೆನೆಟಿಕ್ಸ್‌ನಲ್ಲಿ ಕೆಲಸ ಮಾಡಿದವರದ್ದು. ಪಟ್ಟಿ ಉದ್ದ ಇತ್ತು. ಫೋನಿನಲ್ಲಿ ಬಂದ ಪ್ರಶ್ನೆ ಮಾತ್ರ ಎಂದಿನದೇ: "ಎಚ್-ಇಂಡೆಕ್ಸ್ ಎಷ್ಟು? ಅಷ್ಟು ಹೇಳಿ ಸಾಕು."

ಅಷ್ಟು ಹೇಳಿದರೆ ಸಾಕಾಗಲ್ಲ. ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಾಲೇಜುಗಳಲ್ಲಿ ಯಾರು ಮೇಲೆ ಹೋಗಬೇಕು, ಯಾರಿಗೆ ಗ್ರಾಂಟ್ ಸಿಗಬೇಕು ಅನ್ನೋದು ಈ ಒಂದು ನಂಬರಿನ ಮೇಲೆ ನಿಲ್ಲುತ್ತಿದೆ. ಇದು ಸರಿಯಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಮೊದಲು ನಂಬರಿನ ವಿಷಯ. ಎಚ್-ಇಂಡೆಕ್ಸ್ ಬಂದದ್ದು 2005ರಲ್ಲಿ. ಹಿರ್ಶ್ ಅನ್ನುವ ಭೌತವಿಜ್ಞಾನಿ ಕೊಟ್ಟ ಲೆಕ್ಕ ಅದು. ನಿಮ್ಮ 20 ಪೇಪರುಗಳಿಗೆ ತಲಾ ಕನಿಷ್ಠ 20 ಸೈಟೇಷನ್ ಇದ್ದು, 21ಕ್ಕೆ ಆ ಲೆಕ್ಕ ಹೊಂದದಿದ್ದರೆ ನಿಮ್ಮ ಎಚ್-ಇಂಡೆಕ್ಸ್ 20. ಅಷ್ಟೇ. ಪೇಪರಿನಲ್ಲಿ ನೀವು ಒಬ್ಬರೇ ಇದ್ದಿರೋ, 300 ಜನರಲ್ಲಿ ಒಬ್ಬರಾಗಿ ಇದ್ದಿರೋ, ಅದಕ್ಕೆ ಗೊತ್ತಾಗಲ್ಲ. ನಿಮ್ಮ ಪೇಪರನ್ನು ಒಪ್ಪಿ ಉಲ್ಲೇಖಿಸಿದರೋ, ತಪ್ಪು ಅಂತ ತೋರಿಸಲು ಉಲ್ಲೇಖಿಸಿದರೋ, ಅದೂ ಗೊತ್ತಾಗಲ್ಲ. ಬೇರೆ ವಿಷಯಗಳಲ್ಲಿ ಇದರಿಂದ ಎಷ್ಟು ಹಾನಿಯೋ ನಾನು ಹೇಳಲಾರೆ, ಶ್ವಾಸಕೋಶದ ಜೆನೆಟಿಕ್ಸ್‌ನಲ್ಲಂತೂ ಪೂರ್ತಿ ದಾರಿ ತಪ್ಪಿಸುತ್ತದೆ.

ಸ್ವೀಡನ್ನಿನ ಮಾಲ್ಮೋ ಊರಿನ ಕಥೆ ತೆಗೆದುಕೊಳ್ಳಿ. ಅಲ್ಲಿನ ಆಸ್ಪತ್ರೆಯ ಲ್ಯಾಬಿನ ಮುಖ್ಯಸ್ಥ ಕಾರ್ಲ್-ಬರ್ಟಿಲ್ ಲಾರೆಲ್. ರೋಗಿಗಳ ರಕ್ತದ ಸೀರಮ್ಮನ್ನು ಕಾಗದದ ಪಟ್ಟಿಯ ಮೇಲೆ ವಿದ್ಯುತ್ತಿನಿಂದ ಓಡಿಸಿ ಪ್ರೋಟೀನುಗಳನ್ನು ಬೇರೆ ಮಾಡುವ ಎಲೆಕ್ಟ್ರೋಫೊರೆಸಿಸ್ ಪರೀಕ್ಷೆ ಅಲ್ಲಿ ದಿನನಿತ್ಯದ ಕೆಲಸ. ಸುಮಾರು 1500 ಪಟ್ಟಿಗಳಲ್ಲಿ ಐದರಲ್ಲಿ ಒಂದು ಗೆರೆ ಕಾಣಲಿಲ್ಲ. ಆಲ್ಫಾ-1 ಅನ್ನುವ ಜಾಗ ಖಾಲಿ. ಬೇರೆಯವರಾಗಿದ್ದರೆ ಪಟ್ಟಿ ಸರಿ ಓಡಿಲ್ಲ ಅಂತ ಪಕ್ಕಕ್ಕೆ ಹಾಕುತ್ತಿದ್ದರೇನೋ. ಲಾರೆಲ್ ಹಾಗೆ ಮಾಡಲಿಲ್ಲ. ಸ್ಟೆನ್ ಎರಿಕ್ಸನ್ ಎಂಬ ಎಳೆಯ ವೈದ್ಯರ ಜೊತೆ ಸೇರಿ ಆ ಐದು ಜನ ಯಾರು, ಅವರಿಗೆ ಏನಾಗಿದೆ ಅಂತ ಹುಡುಕಿದರು. ಐವರಲ್ಲಿ ಮೂವರಿಗೆ ಶ್ವಾಸಕೋಶ ಹಾಳಾಗಿತ್ತು. 1963ರಲ್ಲಿ ಇಬ್ಬರೂ ಸೇರಿ ಒಂದು ಸ್ಕ್ಯಾಂಡಿನೇವಿಯನ್ ಲ್ಯಾಬ್ ಜರ್ನಲ್ಲಿನಲ್ಲಿ ಸಣ್ಣ ಪೇಪರ್ ಬರೆದರು. ಆಮೇಲೆ ಎರಿಕ್ಸನ್ ಕುಟುಂಬಗಳನ್ನು ಹುಡುಕಿಕೊಂಡು ಹೋಗಿ, ಇದು ವಂಶದಲ್ಲಿ ಬರುವ ತೊಂದರೆ ಅಂತ ತೋರಿಸಿ 1965ರಲ್ಲಿ ಥೀಸಿಸ್ ಬರೆದರು.

ಆ ಕಾಣದ ಗೆರೆಯೇ ಆಲ್ಫಾ-1 ಆಂಟಿಟ್ರಿಪ್ಸಿನ್. ಲಿವರ್ ತಯಾರಿಸುವ ಈ ಪ್ರೋಟೀನು, ಬಿಳಿ ರಕ್ತಕಣಗಳು ಬಿಡುವ ಎಲಾಸ್ಟೇಸ್ ಅನ್ನುವ ಕಿಣ್ವ ಶ್ವಾಸಕೋಶದ ಗೋಡೆಗಳನ್ನು ತಿಂದು ಹಾಕದಂತೆ ತಡೆಯುತ್ತದೆ. ಅದು ಇಲ್ಲದವರಿಗೆ, ಅದರಲ್ಲೂ ಸಿಗರೇಟು ಸೇದುವವರಿಗೆ, ಚಿಕ್ಕ ವಯಸ್ಸಿನಲ್ಲೇ ಎಂಫಿಸೀಮಾ, ಅಂದರೆ ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ಕಾಯಿಲೆ, ಬರುವ ಸಾಧ್ಯತೆ ಹೆಚ್ಚು. ಎಂಫಿಸೀಮಾ ಹೇಗೆ ಆಗುತ್ತದೆ ಅಂತ ಇವತ್ತು ವಿದ್ಯಾರ್ಥಿಗಳು ಕಲಿಯುವ ವಿವರಣೆಯ ಬುಡದಲ್ಲಿ ಇರುವುದು ಈ ಐದು ಪಟ್ಟಿಗಳೇ. ಅಮೆರಿಕದಲ್ಲಿ 1987ರಿಂದ ಈ ಪ್ರೋಟೀನನ್ನೇ ರೋಗಿಗಳಿಗೆ ಡ್ರಿಪ್ ಮೂಲಕ ಕೊಡಲು ಅನುಮತಿ ಇದೆ.

ಈಗ ಲಾರೆಲ್ ಅವರ ಸೈಟೇಷನ್ ಪಟ್ಟಿ ನೋಡಿ. ಅವರು 1966ರಲ್ಲಿ ಒಬ್ಬರೇ ಬರೆದ ಇನ್ನೊಂದು ಪೇಪರ್ ಇದೆ, ಪ್ರೋಟೀನಿನ ಪ್ರಮಾಣ ಅಳೆಯುವ ವಿಧಾನದ್ದು, ಲ್ಯಾಬಿನವರು ರಾಕೆಟ್ ಅಂತ ಕರೆಯುವ ವಿಧಾನ. ಹೊಸ ಕಾಯಿಲೆ ಕಂಡುಹಿಡಿದ 1963ರ ಪೇಪರಿಗಿಂತ ಅದಕ್ಕೆ ಬಿದ್ದ ಸೈಟೇಷನ್ ಬಹಳ ಜಾಸ್ತಿ. ಕಾರಣ ಸರಳ. ವಿಧಾನ ಬಳಸಿದವರೆಲ್ಲ ಉಲ್ಲೇಖಿಸಲೇಬೇಕು. ಕಾಯಿಲೆ ಎಲ್ಲರಿಗೂ ಗೊತ್ತಾದ ಮೇಲೆ ಮೊದಲ ಪೇಪರನ್ನು ಉಲ್ಲೇಖಿಸುವವರು ಯಾರು? ಪಠ್ಯಪುಸ್ತಕಕ್ಕೆ ಸೇರಿದ ಕೆಲಸಕ್ಕೆ ಸೈಟೇಷನ್ ಬರುವುದು ನಿಲ್ಲುತ್ತಾ ಹೋಗುತ್ತದೆ. 2014ರಲ್ಲಿ ನೇಚರ್ ಪತ್ರಿಕೆ ಅತಿ ಹೆಚ್ಚು ಸೈಟೇಷನ್ ಪಡೆದ 100 ಪೇಪರುಗಳ ಪಟ್ಟಿ ಹಾಕಿತ್ತು. ಮೊದಲ ಸ್ಥಾನದಲ್ಲಿ ಇದ್ದದ್ದು ಪ್ರೋಟೀನ್ ಅಳೆಯುವ 1951ರ ವಿಧಾನ, 3 ಲಕ್ಷಕ್ಕೂ ಮೇಲೆ. ಡಿಎನ್‌ಎ ರಚನೆ ತಿಳಿಸಿದ 1953ರ ವಾಟ್ಸನ್-ಕ್ರಿಕ್ ಪೇಪರ್ ಆ ನೂರರಲ್ಲಿ ಇರಲೇ ಇಲ್ಲ.

ಇನ್ನೊಂದು, ಹೆಸರುಗಳ ಕ್ರಮ. ನಮ್ಮಲ್ಲಿ ಫಸ್ಟ್ ಆಥರ್ ಆ, ಕರೆಸ್ಪಾಂಡಿಂಗ್ ಆಥರ್ (ಪೇಪರಿನ ಪತ್ರವ್ಯವಹಾರದ ಹೊಣೆ ಹೊತ್ತವರು) ಆ ಅಂತ ಜಗಳವೇ ನಡೆಯುತ್ತದೆ. ವಂಶದಲ್ಲಿ ಬಂದು, ಗಟ್ಟಿ ಕಫದಿಂದ ಶ್ವಾಸಕೋಶ ಕೆಡಿಸುವ ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆಯ ಜೀನ್ ಸಿಕ್ಕಿದ್ದು 1989ರ ಸೆಪ್ಟೆಂಬರ್ 8ರ ಸೈನ್ಸ್ ಸಂಚಿಕೆಯಲ್ಲಿ, ಬೆನ್ನುಬೆನ್ನಿಗೆ ಮೂರು ಪೇಪರುಗಳಲ್ಲಿ. ಟೊರಾಂಟೊದ ಮಕ್ಕಳ ಆಸ್ಪತ್ರೆಯ ಲಾಪ್-ಚೀ ಚುಯಿ ಮತ್ತು ಜ್ಯಾಕ್ ರಿಯರ್ಡನ್, ಮಿಷಿಗನ್ನಿನ ಫ್ರಾನ್ಸಿಸ್ ಕಾಲಿನ್ಸ್, ಈ ಮೂವರ ಗುಂಪುಗಳು ಸೇರಿ ಮಾಡಿದ ಕೆಲಸ. ಮೊದಲ ಪೇಪರಿನ ಮೊದಲ ಹೆಸರು ಜೊಹಾನಾ ರೊಮೆನ್ಸ್, ಎರಡನೆಯದರಲ್ಲಿ ರಿಯರ್ಡನ್, ಮೂರನೆಯದರಲ್ಲಿ ಬಾಟ್-ಶೇವಾ ಕೆರೆಮ್. ಚುಯಿ ಮೂರರಲ್ಲೂ ಇದ್ದಾರೆ, ಒಂದರಲ್ಲೂ ಮೊದಲಿಗರಲ್ಲ. ಫಸ್ಟ್ ಆಥರ್ ಆದರೆ ಮಾತ್ರ ಅಂಕ ಅನ್ನುವ ಫಾರಂ ಭರ್ತಿ ಮಾಡಿದರೆ ಆ ಜೀನಿನ ಮೂರು ಪೇಪರುಗಳಿಂದ ಚುಯಿಗೆ ಸಿಗುವುದು ಸೊನ್ನೆ! ಹಾಗೆಯೇ ಮೂರನೇ ಪೇಪರಿನ ಮಧ್ಯದಲ್ಲಿ ಒಂದು ಹೆಸರಿದೆ, ಅರವಿಂದ ಚಕ್ರವರ್ತಿ, ಕೋಲ್ಕತ್ತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಓದಿದವರು. ಮಧ್ಯದ ಹೆಸರು ಅಂತ ಬಿಟ್ಟರೆ ಆ ಪೇಪರಿನ ಜೆನೆಟಿಕ್ ಲೆಕ್ಕಾಚಾರದ ಹಿಂದಿನ ತಲೆಯನ್ನೇ ಬಿಟ್ಟಂತೆ.

ಇದರ ಎದುರು ತುದಿಯೂ ಇದೆ. ಉಬ್ಬಸದ ಜೀನುಗಳನ್ನು ಈಗ ಯಾರೂ ಒಬ್ಬರೇ ಹುಡುಕಲು ಆಗಲ್ಲ, ಸಾವಿರಾರು ರೋಗಿಗಳ ರಕ್ತ ಬೇಕು. 2010ರಲ್ಲಿ ಬಂದ ಗೇಬ್ರಿಯಲ್ ಅಧ್ಯಯನದಲ್ಲಿ ಉಬ್ಬಸ ಇದ್ದವರು 10,365, ಇಲ್ಲದವರು 16,110. ಇಂಥದ್ದಕ್ಕೆ ಹತ್ತಾರು ಆಸ್ಪತ್ರೆಗಳು ಸೇರಬೇಕು, ಸೇರಲಿ, ಒಳ್ಳೆಯದೇ. ಆದರೆ ಆಥರ್ ಪಟ್ಟಿ ಲಗ್ನಪತ್ರಿಕೆಯ "ಸುಖಾಗಮನ ಬಯಸುವವರು" ತರಹ ಬೆಳೆಯುತ್ತದೆ, ಅದರಲ್ಲಿರುವ ಪ್ರತಿಯೊಬ್ಬರ ಖಾತೆಗೂ ಅಷ್ಟೂ ಸೈಟೇಷನ್ ಪೂರ್ತಿಯಾಗಿ ಬೀಳುತ್ತದೆ. ಇಂಥ ನಾಲ್ಕೈದು ಕನ್ಸಾರ್ಟಿಯಂನಲ್ಲಿ ಹೆಸರಿದ್ದರೆ ಸಾಕು, ಹತ್ತು ವರ್ಷ ಒಂದೇ ಪ್ರಶ್ನೆ ಹಿಡಿದು ಕೂತ ಸಂಶೋಧಕರಿಗಿಂತ ನಂಬರ್ ಎಷ್ಟೋ ಪಾಲು ಮೇಲೆ ಹೋಗುತ್ತದೆ. ಅವರಲ್ಲಿ ನಿಜವಾಗಿ ದುಡಿದವರು ಇಲ್ಲ ಅಂತಲ್ಲ. ಹಳ್ಳಿಯಲ್ಲಿ ಉಸಿರಿನ ಬಲ ಅಳೆಯುವ ಸ್ಪೈರೋಮೀಟರ್ ಹಿಡಿದು "ಜೋರಾಗಿ ಊದಿ, ಇನ್ನೂ ಊದಿ, ನಿಲ್ಲಿಸಬೇಡಿ" ಅಂತ ಮತ್ತೆ ಮತ್ತೆ ಊದಿಸಿ, ಸರಿಯಾದ ರೀಡಿಂಗ್ ತೆಗೆದವರ ಕೆಲಸ ಇಡೀ ಜೆನೆಟಿಕ್ಸ್‌ಗೆ ಪಾಯ. ಯಾರಿಗೆ ಉಬ್ಬಸ, ಯಾರಿಗೆ ಸಿಒಪಿಡಿ (ಉಸಿರಿನ ದಾರಿ ಕಿರಿದಾಗಿ ಹಾಗೇ ಉಳಿಯುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಅನ್ನೋದೇ ತಪ್ಪಾದರೆ ಜೀನ್ ಎಷ್ಟು ಓದಿದರೂ ವ್ಯರ್ಥ. ಆದರೆ ಅವರ ಹೆಸರು ಎಷ್ಟೋ ಸಲ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಮುಗಿಯುತ್ತದೆ, ಮತ್ತು ಕೃತಜ್ಞತೆಯನ್ನು ಸ್ಕೋಪಸ್ ಎಣಿಸಲ್ಲ.

ಇನ್ನು ಆ ಹಳೇ ಪ್ರಶ್ನೆ: ಹೇಳಿದ್ದು ನಿಂತಿತಾ? 2002ರಲ್ಲಿ ನೇಚರ್‌ನಲ್ಲಿ 20ನೇ ಕ್ರೋಮೋಸೋಮಿನ ಆಡಮ್33 ಉಬ್ಬಸದ ಜೀನ್ ಅಂತ ಬಂದಾಗ ದೊಡ್ಡ ಸದ್ದಾಯಿತು. ಊರೂರಿನ ಲ್ಯಾಬುಗಳು ಪರೀಕ್ಷೆ ಮಾಡಿದವು. ಕೆಲವರಿಗೆ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ, ಪ್ರತಿ ಬಾರಿಯೂ ಮೂಲ ಪೇಪರಿಗೆ ಒಂದು ಸೈಟೇಷನ್ ಸೇರಿತು. ಆಮೇಲೆ ಬಂದ ದೊಡ್ಡ ಜೀನೋಮ್ (ಒಬ್ಬರ ಇಡೀ ಡಿಎನ್‌ಎ) ಅಧ್ಯಯನಗಳಲ್ಲಿ ಅದು ಎದ್ದು ಕಾಣಲಿಲ್ಲ. 2007ರಲ್ಲಿ ಮಿರಿಯಂ ಮೊಫ್ಯಾಟ್, ವಿಲಿಯಂ ಕುಕ್ಸನ್ ಮತ್ತು ಜೊತೆಗಾರರು 17ನೇ ಕ್ರೋಮೋಸೋಮಿನ ಒಂದು ಜಾಗ ತೋರಿಸಿದರು, ಅಲ್ಲಿರುವ ಜೀನುಗಳಲ್ಲಿ ಒಂದು ಓಆರ್‌ಎಂಡಿಎಲ್3. ಬಾಲ್ಯದಲ್ಲಿ ಶುರುವಾಗುವ ಉಬ್ಬಸದಲ್ಲಿ ಆ ಜಾಗ ಅಧ್ಯಯನದ ಮೇಲೆ ಅಧ್ಯಯನದಲ್ಲಿ ಮತ್ತೆ ಕಂಡಿದೆ. ಎರಡೂ ಪೇಪರ್ ಬಂದದ್ದು ನೇಚರ್‌ನಲ್ಲೇ, ಎರಡಕ್ಕೂ ಸೈಟೇಷನ್ ಭರ್ಜರಿ. ವ್ಯತ್ಯಾಸ ತಿಳಿಯಬೇಕಾದರೆ ಆಮೇಲೆ ಏನಾಯಿತು ಅಂತ ಓದಲೇಬೇಕು.

ನನ್ನನ್ನು ಎಲ್ಲಕ್ಕಿಂತ ಕಾಡುವುದು ಬೇರೆ. ಇವೆಲ್ಲ ಯಾರ ಶ್ವಾಸಕೋಶಗಳು? 2009ರಲ್ಲಿ ಲೆಕ್ಕ ಹಾಕಿದಾಗ ಜೀನೋಮ್ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ 96% ಯುರೋಪ್ ಮೂಲದವರು. 2016ರಲ್ಲಿ ಮತ್ತೆ ಲೆಕ್ಕ ಹಾಕಿದಾಗಲೂ 81%. ಅಮೆರಿಕದ ಸಿಒಪಿಡಿಜೀನ್ ಅಧ್ಯಯನದಲ್ಲಿ 10 ಸಾವಿರಕ್ಕೂ ಹೆಚ್ಚು ಜನ, ಬಿಳಿಯರು ಮತ್ತು ಆಫ್ರಿಕನ್ ಅಮೆರಿಕನ್ನರು, ಬಹುತೇಕ ಎಲ್ಲರೂ ಸಿಗರೇಟು ಸೇದಿದವರು. ನಮ್ಮ ಒಪಿಡಿ ಕಥೆಯೇ ಬೇರೆ. ಜೀವಮಾನದಲ್ಲಿ ಒಂದು ಬೀಡಿ ಮುಟ್ಟದೆ, ಸೌದೆ ಒಲೆಯ ಮುಂದೆ ಅಡುಗೆ ಮಾಡಿ ಮಾಡಿ ಶ್ವಾಸಕೋಶ ಕೆಟ್ಟ ಹೆಂಗಸರು ಅಲ್ಲಿ ಕೂತಿರುತ್ತಾರೆ. ಅವರಿಗೇ ಯಾಕೆ ಬಂತು, ಅದೇ ಹೊಗೆ ಕುಡಿದ ಪಕ್ಕದ ಮನೆಯವರಿಗೆ ಯಾಕೆ ಬರಲಿಲ್ಲ ಅನ್ನುವ ಪ್ರಶ್ನೆಗೆ ಆ ದೊಡ್ಡ ಪೇಪರುಗಳಿಂದ ನೇರ ಉತ್ತರ ಸಿಗಲ್ಲ.

ಸಿಸ್ಟಿಕ್ ಫೈಬ್ರೋಸಿಸ್‌ನಲ್ಲೂ ಹೀಗೇ. ಆ ಜೀನ್ ತಯಾರಿಸುವ ಪ್ರೋಟೀನಿನ 508ನೇ ಜಾಗದ ಒಂದು ಅಮೈನೋ ಆಮ್ಲ ಬಿಟ್ಟುಹೋಗುವ ಬದಲಾವಣೆ 1989ರ ಅಧ್ಯಯನದಲ್ಲಿ ಸುಮಾರು 70% ರೋಗಿ ಕ್ರೋಮೋಸೋಮುಗಳಲ್ಲಿ ಇತ್ತು. 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೂರು ಔಷಧಗಳ ಮಾತ್ರೆ ಮೊದಲು ಬಂದದ್ದು ಅದು ಒಂದಾದರೂ ಇರುವವರಿಗೆ. ಭಾರತದ ಮಕ್ಕಳಲ್ಲಿ ಆ ಬದಲಾವಣೆಯ ಪಾಲು ಅದಕ್ಕಿಂತ ಕಡಿಮೆ, ಬೇರೆ ಅಪರೂಪದ ಬದಲಾವಣೆಗಳು ಜಾಸ್ತಿ. ಹಾಗಾದರೆ ನಮ್ಮ ಮಕ್ಕಳಲ್ಲಿ ಯಾವ್ಯಾವ ಬದಲಾವಣೆ ಇದೆ ಅಂತ ಒಂದೊಂದೇ ಕೇಸ್ ಸೇರಿಸಿ ಬರೆದ ಪೇಪರಿಗೆ ಎಷ್ಟು ಸೈಟೇಷನ್ ಬರಬಹುದು? ಹತ್ತೋ ಇಪ್ಪತ್ತೋ. ಆದರೆ ಮಗುವನ್ನು ಮುಂದೆ ಕೂರಿಸಿಕೊಂಡ ಡಾಕ್ಟರಿಗೆ ಬೇಕಾಗುವುದು ಆ ಪೇಪರೇ, ಅಲ್ವಾ?

ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದೆ ನಿಂತು ನಡೆಸಿದ ಜೀನೋಮ್‌ಇಂಡಿಯಾ 10 ಸಾವಿರ ಭಾರತೀಯರ ಜೀನೋಮ್ ಓದಿ, 2025ರ ಜನವರಿಯಲ್ಲಿ ಡೇಟಾ ಬಿಡುಗಡೆ ಆಗಿದೆ. ಅವರು ಆರೋಗ್ಯವಂತರು. ಇನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಲು ನಮ್ಮ ರೋಗಿಗಳ ವಿವರ ಬೇಕು: ಊದಿಸಿದ ರೀಡಿಂಗ್, ಒಲೆಯ ವಿವರ, ಬಾಲ್ಯದ ಉಬ್ಬಸ, ಟಿಬಿ ಆಗಿತ್ತಾ, ಎಲ್ಲ. ಇದು ನಿಧಾನದ ಕೆಲಸ. ವರ್ಷಗಟ್ಟಲೆ ಪೇಪರ್ ಬರಲ್ಲ. ವರ್ಷಕ್ಕೆ ಇಷ್ಟು ಪೇಪರ್ ಅಂತ ಕೇಳುವ ಜಾಗದಲ್ಲಿ ಯಾವ ಅಸಿಸ್ಟೆಂಟ್ ಪ್ರೊಫೆಸರ್ ಇದಕ್ಕೆ ಕೈ ಹಾಕುತ್ತಾರೆ ಹೇಳಿ. ಎರಡು ಜೀನ್, 50 ರೋಗಿಗಳು, ಆರು ತಿಂಗಳು, ಒಂದು ಪೇಪರ್, ಅದನ್ನೇ ಮಾಡುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಕೇಳುವವರು ಕೇಳುವುದನ್ನು ಬದಲಾಯಿಸಬೇಕು.

ನಂಬರ್ ಪೂರ್ತಿ ಬೇಡ ಅನ್ನುವವಳಲ್ಲ ನಾನು. ಶಿಫಾರಸಿನ ಮೇಲೆ ಹುದ್ದೆ ಕೊಡುವ ಕಡೆ ಅದು ಒಂದು ತಡೆ. ಆದರೆ ಅದು ಪಟ್ಟಿಯನ್ನು ತೆರೆಯಲು ಕಾರಣ ಆಗಬೇಕು, ತೆರೆಯದೇ ಇರಲು ನೆಪ ಆಗಬಾರದು. ಈ ಸಲದ ಫೈಲಿಗೆ ಎಚ್-ಇಂಡೆಕ್ಸ್ ಬರೆದ ಸರ್ಟಿಫಿಕೇಟಿನ ಹಿಂದೆ ಒಂದು ಪುಟ ಸೇರಿಸಿದ್ದೇನೆ. ಅಭ್ಯರ್ಥಿಯೇ ಆರಿಸಿದ ಮೂರು ಪೇಪರ್, ಪ್ರತಿಯೊಂದರಲ್ಲಿ ಅವರು ಸ್ವತಃ ಮಾಡಿದ್ದೇನು, ರೋಗಿಗಳು ಎಲ್ಲಿಯವರು, ಆಮೇಲೆ ಬೇರೆಯವರಿಗೆ ಅದೇ ಫಲಿತಾಂಶ ಬಂತಾ. ಮೂರು ಪೇಪರಿನ ಪ್ರಿಂಟೂ ಜೊತೆಗಿದೆ. ಬೇರೆ ಕಾಲೇಜುಗಳ ಲೈಬ್ರರಿಯವರಿಗೆ ಆ ಪುಟದ ನಮೂನೆ ಬೇಕಿದ್ದರೆ ಕೇಳಿ, ಕಳಿಸುತ್ತೇನೆ.