ನಂದಿ ಸ್ಟೇಷನ್ನಲ್ಲಿ ಹುರುಳಿಕಾಯಿ ಮೂಟೆ

ನಮ್ಮ ಚಿಕ್ಕಬಳ್ಳಾಪುರದ ಲೈನಲ್ಲಿ ರೇರ್ ಟ್ರೇನ್ ಅಂತ ಬೇರೆ ಹುಡುಕೋದೇನಿದೆ ಹೇಳಿ, ಸಿಂಗಲ್ ಲೈನು, ಬರೋವೇ ಬೆರಳೆಣಿಕೆ, ಎಲ್ಲವೂ ರೇರೇ. ಆದ್ರೆ ಅಕ್ಕನ ಮಗ ಒಪ್ಪಲ್ಲ. ಹತ್ತನೇ ಕ್ಲಾಸು, ತಲೆ ತುಂಬಾ ಟ್ರೇನು. ಈ ಲೈನು ಎರಡೂವರೆ ಅಡಿ ಅಗಲದ ಹಳಿಯ ನ್ಯಾರೋ ಗೇಜ್ ಆಗಿದ್ದ ಕಾಲದ ಕಥೆ, ಬಂಗಾರಪೇಟೆ-ಕೋಲಾರ ಮಧ್ಯೆ ಓಡ್ತಿದ್ದ ಒಂದೇ ಡಬ್ಬಿಯ ರೈಲ್‌ಬಸ್ಸಿನ ಕಥೆ ಎಲ್ಲಾ ಅವನಿಗೆ ಬಾಯಿಪಾಠ, ಸಮಾಜ ವಿಜ್ಞಾನದಲ್ಲಿ ಮಾತ್ರ ಜಸ್ಟ್ ಪಾಸು.

ಅವನ ವಾಟ್ಸಾಪ್ ಗ್ರೂಪಲ್ಲಿ ಸುದ್ದಿ ಬಂತಂತೆ, ನಾಳೆ ಬೆಳಿಗ್ಗೆ ಡೀಸೆಲಲ್ಲಿ ಓಡೋ ಡೆಮು ಟ್ರೇನ್ ಬದಲು ಕರೆಂಟಲ್ಲಿ ಓಡೋ ತ್ರೀ ಫೇಸ್ ಮೆಮು ಟ್ರೇನ್ ಬರುತ್ತೆ ಅಂತ. ಫೋಟೋಗೆ ಹಿಂದೆ ನಂದಿಬೆಟ್ಟ ಬೇಕು, ಸೋ ನಂದಿ ಸ್ಟೇಷನ್ನೇ ಆಗ್ಬೇಕು. "ಅದರಲ್ಲಿ ಸೀಟು ಜಾಸ್ತಿ ಇರುತ್ತೇನೋ?" ಅಂದೆ. "ಮಾಮ, ನಿನಗೆ ಸೀಟಿಂದೇ ಚಿಂತೆ" ಅಂತ ಮೂತಿ ತಿರುವಿದ.

ಬೆಳಿಗ್ಗೆ ಚಳಿಯಲ್ಲಿ ಬೈಕ್ ಓಡಿಸ್ಕೊಂಡು ಹೋಗಿ ಪ್ಲಾಟ್‌ಫಾರಂ ಟಿಕೆಟ್ ತಗೊಂಡು ನಿಂತ್ವಿ. ಪಕ್ಕದಲ್ಲಿ ಒಬ್ಬರು ಅಜ್ಜಿ, ಎರಡು ಮೂಟೆ ಹುರುಳಿಕಾಯಿ. ಕ್ಯಾಮೆರಾ ನೋಡಿ ಏನಪ್ಪಾ ಅಂತ ಕೇಳಿದ್ದೇ ತಡ ಇವನು ಶುರು ಮಾಡ್ದ, ಮೇಲಿನ ತಂತೀಲಿ 25,000 ವೋಲ್ಟ್, ತ್ರೀ ಫೇಸ್ ಮೋಟ್ರು, ಬ್ರೇಕ್ ಹಾಕಿದ್ರೆ ಕರೆಂಟು ವಾಪಸ್ ತಂತಿಗೇ ಹೋಗುತ್ತೆ, ಇಂಜಿನ್ನೇ ಬೇರೆ ಇಲ್ಲ, ಅದಕ್ಕೇ ಪಿಕಪ್ಪು ಜೋರು. ಅಜ್ಜಿ ಪೂರ್ತಿ ಕೇಳಿಸ್ಕೊಂಡು, "ತ್ರೀ ಫೇಸಾ? ನಮ್ಮ ಬೋರ್‌ವೆಲ್ಲಿಗೆ ಮಧ್ಯರಾತ್ರಿ ಕೊಡ್ತಾರಪ್ಪ, ಇದಕ್ಕೆ ಹೆಂಗೆ ಹಗಲಲ್ಲೇ ಕೊಟ್ರು?" ಅಂದ್ರು. ಹುಡುಗನ ಹತ್ರ ಉತ್ತರ ಇರ್ಲಿಲ್ಲ. ಯಾರ ಹತ್ರ ಇದೆ ಹೇಳಿ!

ಅಷ್ಟರಲ್ಲಿ ಬಂತು. ಡೆಮು ಆಗಿದ್ರೆ ಗುರ್ ಅನ್ನೋ ಸದ್ದಾದ್ರೂ ಮೊದಲೇ ಕೇಳ್ತಿತ್ತು, ಇದು ಕಳ್ಳನ ಥರ ಸದ್ದಿಲ್ದೆ ಬಂದು ನಿಂತ್ಬಿಡ್ತು. ಇವನು ಕ್ಯಾಮೆರಾ ಎತ್ತೋಕೂ ಅಜ್ಜಿ ಇವನ ಕೈಗೆ ಮೂಟೆ ಕೊಡೋಕೂ ಸರಿಹೋಯ್ತು. "ಅಪ್ಪಯ್ಯಾ, ಒಸಿ ಮೇಲಿಟ್ಟುಕೊಡು." ಒಂದು ಮೂಟೆ ಇಟ್ಟ, ಇನ್ನೊಂದು ಒಳಗಡೆ ಸೀಟಿನ ಕೆಳಗೆ ತಳ್ಳೋಕೆ ಅಂತ ಹತ್ತಿದ, ಹಿಂದಿಂದ ಹೂವಿನ ಬುಟ್ಟಿಯವರು ನುಗ್ಗಿದ್ರು, ಟ್ರೇನ್ ಹೊರಡ್ತು. ಪಿಕಪ್ಪಿನ ವಿಷಯದಲ್ಲಿ ಹುಡುಗ ಹೇಳಿದ್ದು ಸತ್ಯ ಕಣ್ರೀ, ನಾನು ಓಡಿದ್ದು ದಂಡ.

ಫೋನ್ ಬಂತು. "ಮಾಮ, ಒಳಗಿಂದ ಫೋಟೋ ಹೆಂಗೆ ತೆಗೀಲಿ?" ಮೊದಲು ಟಿಕೆಟ್ ಯೋಚನೆ ಮಾಡೋ, ಅಂತ ಬೈದು ದೇವನಹಳ್ಳೀಲಿ ಇಳಿ ಅಂದೆ. ಮಧ್ಯೆ ವೆಂಕಟಗಿರಿಕೋಟೆ, ಆವತಿಹಳ್ಳಿ ಇದ್ರೂ ದೇವನಹಳ್ಳಿ ರಸ್ತೆ ನನಗೆ ಕಣ್ಣು ಮುಚ್ಕೊಂಡ್ರೂ ಗೊತ್ತು. ಅಕ್ಕನ ಫೋನು ಮಾತ್ರ ಎತ್ತಲಿಲ್ಲ, ಧೈರ್ಯ ಸಾಲ್ಲಿಲ್ಲ.

ದೇವನಹಳ್ಳಿ ತಲುಪೋ ಹೊತ್ತಿಗೆ ಟ್ರೇನ್ ಹೋಗಿ ಆಗಿತ್ತು, ಇವನು ಬೆಂಚಿನ ಮೇಲೆ ಮುಖ ಊದಿಸ್ಕೊಂಡು ಕೂತಿದ್ದ. ಹೆಂಗಿತ್ತೋ ನಿನ್ನ ರೇರ್ ಟ್ರೇನು, ಅಂದೆ.

"ಏನ್ ಟ್ರೇನೋ ಮಾಮ, ಒಂದು ಸೀಟೂ ಸಿಗ್ಲಿಲ್ಲ."